ಕಡಲಾಮೆಗೆ ಭೀಮೆಯ ನೀರು

೧
ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಕಡಲಿನಿಂದ ಎಂದರೆ ಅಫಜಲಪುರದಲ್ಲಿ ಕಡಲೆಲ್ಲಿದೆ? ಕಡಲೆ ಇದೆ. (ಕೆಟ್ಟ ಜೋಕು, ಗೊತ್ತು. ಮುಂದೆ ನಗುವಂಥದ್ದೇನೂ ಇಲ್ಲ, ಅದಕ್ಕೇ ಇಲ್ಲೇ ಮುಗಿಸಿಕೊಂಡೆ.)

೨
೧೯೪೨. ಯುದ್ಧದ ಬಾಂಬು ಬೀಳುತ್ತದೆಂದು ಜನ ಮುಂಬಯಿ ಬಿಡುತ್ತಿದ್ದರು. ಅಲ್ಲಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ವಾಮನನೂ ಹುಟ್ಟೂರು ಅಫಜಲಪುರಕ್ಕೆ ಬಂದ. ಜೊತೆಗೆ ಅಂಗೈಯಗಲದ ಕಡಲಾಮೆ, ಪೀಪಾಯಿಗಳಲ್ಲಿ ಸಮುದ್ರದ ನೀರು. ಪಡಸಾಲೆಯ ಪಕ್ಕದ ಕೋಣೆಯೇ ಲ್ಯಾಬೊರೇಟರಿ. ಹಲಗೆಯ ಮೇಲೆ ಎತ್ತಿಟ್ಟರೆ ಆಮೆಯ ಕಣ್ಣಿಂದ ನೀರಿಳಿಯುತ್ತಿತ್ತು. ಮೈಯೊಳಗಿನ ಉಪ್ಪನ್ನು ಅದು ಹೀಗೆ ಹೊರಹಾಕುತ್ತದೆಂದು ವಾಮನನ ಗುಮಾನಿ. ಸಾಧಿಸಿ ತೋರಿಸಬೇಕಿತ್ತು, ಅಷ್ಟೇ.

ತಾಯಿ ಭಾಗೀರಥಿಬಾಯಿಗೆ ಕಂಡದ್ದು ಕಣ್ಣೀರು.

"ಅಯ್ಯ, ಅದು ಅಳಾಕತ್ತದಲ್ಲೋ ವಾಮನಾ!"

"ಅಳೂದಲ್ಲವ್ವಾ ಅದು."

"ಸುಮ್ನಿರು. ನಾ ಅತ್ತಾಗೂ ನೀ ಹಂಗೇ ಅಂದಿದ್ದಿ."

೩
(ಇಲ್ಲಿ ಆಮೆಯ ಅಂಗರಚನೆ ಬರೆದಿದ್ದೆ. ಬೋರು. ಹರಿದು ಹಾಕಿದೆ.)

ಆ ಸೀಮೆಯಲ್ಲಿ ಬಾವಿಯ ಉಪ್ಪುಪ್ಪು ಸವಳು ನೀರು ಬಟ್ಟೆ ಒಗೆಯಲಿಕ್ಕೆ. ಮನೆಗೆ ಬಂದವರಿಗೆ, ವೈರಿಯೇ ಆಗಿರಲಿ, ಭೀಮಾ ನದಿಯಿಂದ ಹೊತ್ತು ತಂದ ಸಿಹಿನೀರನ್ನೇ ಕೊಡಬೇಕು. ವಾಮನ ಎರಡು ವಾರಕ್ಕೆಂದು ಗುಲಬರ್ಗಾಕ್ಕೆ ಹೋದಾಗ ಭಾಗೀರಥಿಬಾಯಿ ಮಡಿ ಮರೆತು ಆಮೆಯ ತೊಟ್ಟಿಗೆ ಬೆರಳದ್ದಿ ನಾಲಿಗೆಗೆ ಇಟ್ಟಳು. ಥೂ! ಪರದೇಶಿ ಕೂಸಿಗೆ ಇಂಥ ನೀರೇ? ತೊಟ್ಟಿ, ಪೀಪಾಯಿ ಎಲ್ಲ ಬಚ್ಚಲಿಗೆ ಚೆಲ್ಲಿ, ಬಂಡಿಯಲ್ಲಿ ನದಿಯ ನೀರು ತರಿಸಿ ತುಂಬಿದಳು.

ವಾಮನ ಬಂದಾಗ ಆಮೆ ಕತ್ತು ಎತ್ತಲಾರದೆ ತೇಲುತ್ತಿತ್ತು. ಹಲಗೆಯ ಮೇಲೆ ಎತ್ತಿಟ್ಟರೂ ಕಣ್ಣಿಂದ ಹನಿ ಇಳಿಯಲಿಲ್ಲ.

"ನೋಡು, ಅಳೂದು ನಿಂತದ," ಎಂದಳು. ಅಪ್ಪ ಸತ್ತ ಮೇಲೆ ತಾಯಿಯ ಮುಖ ಇಷ್ಟು ಅರಳಿದ್ದನ್ನು ವಾಮನ ಕಂಡಿರಲಿಲ್ಲ.

೪
ಒಂದು ಅಂತ್ಯ: "ನೀನs ಕೊಂದಿ" ಎಂದು ವಾಮನ ಚೀರುತ್ತಾನೆ. ಬರೆಯುವಷ್ಟರಲ್ಲಿ ಅವನೇ ನನ್ನ ಪೆನ್ನು ಹಿಡಿದ. "ಏನ್ರಿ ಸಾಹೇಬ್ರ, ನಿಮಗ ತಾಯಿ ಇಲ್ಲೇನ್ರಿ?" ಹೊಡೆದು ಹಾಕಿದೆ.

ಇನ್ನೊಂದು: ಅಡುಗೆ ಉಪ್ಪು ಕದಡಿ ಹಾಕಿದ, ಆಮೆ ಬದುಕಿತು. ಅರ್ಧ ಸುಳ್ಳು. ತಾಯಿ ಪೂಜೆಗೆ ಕೂತಾಗ ಕದ್ದು ಉಪ್ಪು ಹಾಕಿದ್ದು ನಿಜ. ಆಮೆ ಸತ್ತಿತು.

೫
ಹಿತ್ತಲಲ್ಲಿ ಇಬ್ಬರೂ ಕೂಡಿ ಹೂಳಿದರು. ವಾಮನನಿಗೆ ಸಂಕಟ, ಸಿಟ್ಟು, ಎರಡೂ. ಭಾಗೀರಥಿಬಾಯಿ ಕಣ್ಣೊರೆಸಿಕೊಂಡಳು.

"ನಾವs ತಡಾ ಮಾಡಿದ್ವಿ, ಪಾಪ. ಮುಂಬೈಕ್ಕ ಹೋದಾಗ ಇನ್ನೊಂದು ತಾ. ಈ ಸಲ ಮೊದಲನೇ ದಿನದಿಂದನs ಸಿಹಿನೀರಾಗ ಇಡ್ತೇನಿ."

ವಾಮನ ನನ್ನ ಕಡೆ ನೋಡಿದ. ಯಾಕಪ್ಪಾ, ಈಗ ಬೇಕಾದೆನೇ ನಾನು? ನನಗೂ ತಿಳಿಯದು. (ಓದುಗರೇ, ಪೆನ್ನು ಇಲ್ಲಿದೆ, ತಗೊಳ್ಳಿ. ಯಾರೂ ಕೈ ಚಾಚುತ್ತಿಲ್ಲ, ಅಲ್ಲವೇ?)

"ಅತ್ತಾಗ ಏನ್ ನೋಡ್ತೀಯೋ? ತರ್ತಿ ಇಲ್ಲೋ?" ಎಂದು ಅವಳು ಮತ್ತೆ ಕೇಳುತ್ತಿದ್ದಾಳೆ.