ಮೀನುಹೊಂಡದ ಬದುವಿನ ಸೋರೆ

“ಲೌಡೀರಾ, ಶೆಡ್ಡಿನ ಹಿಂದೆ ಹೋಗಿ ಸಾಯ್ರೇ. ಆಫೀಸರಮ್ಮ ಬರೋ ಹೊತ್ತಿಗೆ ನಿಮ್ಮ ನಾತ ಇಲ್ಲಿರಬಾರದು,” ಎಂದ ಮ್ಯಾನೇಜರು.

ಹೂಳಕ್ಕ ಮೊಣಕಾಲುದ್ದ ಕೆಸರಿನಲ್ಲಿದ್ದಳು. ಊರಿನ ಚರಂಡಿ ನೀರನ್ನು ತಿಳಿಮಾಡುವ ಮೂರು ಹೊಂಡಗಳಲ್ಲಿ, ಕೊಳೆಯೆಲ್ಲ ಬಂದು ಬೀಳುವ ಮೊದಲನೇ ಹೊಂಡದ ಹೂಳೆತ್ತುವುದು ಅವಳ ಕೆಲಸ; ಹೆಸರೂ ಹಾಗೇ ಅಂಟಿಕೊಂಡಿತ್ತು. ಮೀನುಹೊಂಡದ ಬದುಗಳು ಮುಳ್ಳು ಬೆಳೆದು ಹಾಳುಬಿದ್ದಿದ್ದಾಗ ಅವಳೂ ನಾದಿನಿಯೂ ಇನ್ನು ನಾಲ್ವರು ಹೆಂಗಸರೂ ಸೇರಿ ಕಡಿದು, ಅಗೆದು, ಸೋರೆ ಬದನೆ ಹಾಕಿದ್ದರು. ಆಗ ಮ್ಯಾನೇಜರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಕಾಯಿ ಜೋತಾಡತೊಡಗಿದ ಮೇಲೆ ಎಲ್ಲ ತನ್ನದೇ ಕೈಗುಣವೆಂದು ಮೇಲಿನವರಿಗೆ ಬರೆದುಹಾಕಿದ್ದ.

ಆರು ಜನ ಶೆಡ್ಡಿನ ಹಿಂದೆ ಕೂತರು. ತಗಡಿನ ತೂತಿಗೆ ಕಣ್ಣಿಟ್ಟ ನಾದಿನಿ, ಮ್ಯಾನೇಜರು ಹಲ್ಲು ಕಿಸಿಯುವ ಪರಿಯನ್ನು ಒಂದೊಂದಾಗಿ ವರದಿ ಮಾಡಿ ಎಲ್ಲರನ್ನೂ ನಗಿಸಿದಳು.

ತಪಾಸಣೆಗೆ ಬಂದ ಆಫೀಸರಮ್ಮ ಗಿಡಕ್ಕೆ ಯಾವ ಹೊಂಡದ ನೀರು ಎಂದು ಕೇಳಿದಳು. ಮ್ಯಾನೇಜರು ತಡಬಡಾಯಿಸಿ ಮೊದಲನೆಯದಕ್ಕೇ ಬೆರಳು ತೋರಿಸಿದ. ಹಸಿ ಚರಂಡಿ ನೀರಾದರೆ ಇವತ್ತೇ ಎಲ್ಲ ಕಿತ್ತುಹಾಕಿಸಿ ಎಂದಳು ಅವಳು. ಆಯ್ತು ಮೇಡಂ ಎಂದುಬಿಟ್ಟ ಅವನು.

ಹೂಳಕ್ಕನಿಗೆ ಮೈಯೆಲ್ಲ ಉರಿಯಿತು. ಕೆಸರುಗಾಲಲ್ಲೇ ಬಂದು ಇಬ್ಬರ ನಡುವೆ ನಿಂತಳು.

“ಈ ಮೂದೇವಿಗೆ ನೀರು ಯಾವ ಕಡೆ ಹರಿಯುತ್ತೆ ಅಂತಾನೇ ಗೊತ್ತಿಲ್ಲ ಕಣಮ್ಮ. ಮೊದಲನೇ ಹೊಂಡದಲ್ಲಿ ಕೊಳೆ ತಳಕ್ಕೆ ಕೂರುತ್ತೆ. ಎರಡನೇದರಲ್ಲಿ ಬಿಸಿಲಿಗೆ ಕಾದು ತಿಳಿಯಾಗುತ್ತೆ. ಮೂರನೇದರಲ್ಲಿ ಮೀನು. ಅದಾದ ಮೇಲೇ ಗಿಡಕ್ಕೆ, ಅದೂ ಬುಡಕ್ಕೆ ಮಾತ್ರ.”

“ಬಾಯ್ಮುಚ್ಚೇ,” ಎಂದ ಮ್ಯಾನೇಜರು.

“ಮುಚ್ತೀನಿ. ಮೀನುಹೊಂಡದ ತೂಬು ಎಲ್ಲಿದೆ, ನೀನೇ ತೋರಿಸು.”

ಅವನು ಅತ್ತಿತ್ತ ನೋಡಿದ. ಶೆಡ್ಡಿನ ಹಿಂದೆ ಐದು ಜನ ಕಿಸಕ್ಕನೆ ನಕ್ಕರು. ಹೂಳಕ್ಕ ಬಳ್ಳಿ ಸರಿಸಿ ತೂಬೆತ್ತಿದಳು. ನೀರಿನ ಜೊತೆ ಒಂದು ಮರಿಮೀನೂ ಕಾಲುವೆಗೆ ಜಿಗಿಯಿತು. ಆಫೀಸರಮ್ಮ ಸೀಸೆಯಲ್ಲಿ ನೀರು ತುಂಬಿಕೊಂಡು, ಪರೀಕ್ಷೆ ಮುಗಿಯುವವರೆಗೆ ಯಾರೂ ಗಿಡ ಮುಟ್ಟಕೂಡದು ಎಂದು ಹೇಳಿ ಹೊರಟಳು.

ವಾರದ ಮೇಲೆ, ನೀರು ಬೆಳೆಗೆ ಒಗ್ಗುತ್ತದೆ ಎಂದು ಕಾಗದ ಬಂತು. ಕಾಯಿಯನ್ನೆಲ್ಲ ತನ್ನ ಗಾಡಿಗೆ ತುಂಬಲು ಹೇಳಿದ ಮ್ಯಾನೇಜರು. ಹೆಂಗಸರು ಕೊಯ್ದರು, ಬುಟ್ಟಿ ಹೊತ್ತರು, ಗಾಡಿಯನ್ನು ದಾಟಿಕೊಂಡು ಮುಂದಿನ ಗೇಟಿಗೆ ನಡೆದರು. ಗೇಟಿನ ನಟ್ಟನಡುವೆ ಗೋಣಿತಾಟು ಹಾಸಿ ಕಾಯಿ ಮಾರಲು ಕೂತರು. ಅರೆಗಳಿಗೆಯಲ್ಲಿ ಜನ ನೆರೆದರು. ಹಿಂದಿನಿಂದ ಮ್ಯಾನೇಜರ ಗಾಡಿ ಬಂದು, ಹೊರಹೋಗಲು ದಾರಿಯಿಲ್ಲದೆ ನಿಂತು ಹಾರ್ನ್ ಹೊಡೆಯಿತು.

“ಸೋರೆ ಎಳೇದಾ?” ಎಂದು ಕೇಳಿದಳು ಒಬ್ಬ ಮುದುಕಿ.

“ಉಗುರು ಚುಚ್ಚಿ ನೋಡವ್ವ, ನಿಧಾನಕ್ಕೆ,” ಎಂದಳು ಹೂಳಕ್ಕ. “ನಮಗೇನೂ ಅವಸರ ಇಲ್ಲ.”