ಖಾಲಿ ಕೋಣೆಯ ಸದ್ದು

"ಮತ್ತೆ ಬಂತು," ಎಂದ ರೆಕಾರ್ಡಿಂಗ್ ಎಂಜಿನಿಯರ್ ಗಾಜಿನ ಆಚೆಯಿಂದ, ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು. "ಗುಂಯ್ ಅಂತಿದೆ. ಯಾರೋ ಏನೋ ಆನ್ ಇಟ್ಟಿದೀರ."

ಯಾರೂ ಏನನ್ನೂ ಆನ್ ಇಟ್ಟಿರಲಿಲ್ಲ. ಟ್ಯೂಬ್‌ಲೈಟ್ ಆರಿಸಿಯಾಗಿತ್ತು, ಏಸಿ ನಿಲ್ಲಿಸಿಯಾಗಿತ್ತು. ಡ್ರಮ್ಸ್ ಬಾರಿಸುವವನು, ತಂಡದವರ ಬಾಯಲ್ಲಿ ಡಬ್ಬ, ತನ್ನ ಕೈಗಡಿಯಾರವನ್ನೂ ಬಿಚ್ಚಿ ಹೊರಗಿಟ್ಟು ಬಂದಿದ್ದ. ಬಾಸ್ ಗಿಟಾರ್ ನುಡಿಸುವವನು ತನ್ನ ವೈರು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದ, ಬೆನ್ನು ಬೆವರುತ್ತಿತ್ತು. ಅವನ ಕಿವಿಗಂತೂ ಏನೂ ಕೇಳಿಸುತ್ತಿರಲಿಲ್ಲ.

ತಮಾಷೆ ನೋಡಿ. ಇದೇ ಪೋಸ್ಟ್-ಪಂಕ್ ರಾಕ್ ತಂಡದ ಮೊದಲ ಆಲ್ಬಮ್‌ನಲ್ಲಿ ಮಿಕ್ಸಿ, ಡ್ರಿಲ್ಲಿಂಗ್ ಮಷೀನು, ತಗಡಿನ ಶೀಟು ಎಲ್ಲವೂ ಹಾಡಿದ್ದವು. ಆ ಗದ್ದಲಕ್ಕೇ ಜನ ಹುಚ್ಚೆದ್ದು ಕುಣಿದಿದ್ದರು. ಎರಡನೆಯದಕ್ಕೆ ಮೌನ ಬೇಕಾಗಿತ್ತು. ಖಾಲಿ ಕೋಣೆಯ ಮೌನವನ್ನು ರೆಕಾರ್ಡ್ ಮಾಡಿಕೊಂಡು ಅದರ ಮೇಲೆ ಹಾಡು ಕಟ್ಟುವುದು. ಈ ಐಡಿಯಾ ಕೊಟ್ಟವನು ಈ ಬಾಸ್‌ನವನೇ. ಫಿಲಾಸಫಿ ಪಾಠ ಮಾಡುತ್ತಿದ್ದವನಲ್ಲವೇ! ಆಲ್ಬಮ್‌ಗಾಗಿ ಕಾಲೇಜಿಗೆ ರಾಜೀನಾಮೆ ಬಿಸಾಕಿ ಬಂದಿದ್ದ. ಮನೆಯಲ್ಲಿ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಇದರಲ್ಲೂ ತಾನಿಲ್ಲವೆಂದಾದರೆ ಇನ್ನೆಲ್ಲೂ ಇಲ್ಲ ಎಂಬ ಹೆದರಿಕೆ ಬೆಳಗಿನಿಂದ ಇತ್ತು.

"ಒಬ್ಬೊಬ್ರಾಗಿ ಹೊರಗೆ ಹೋಗಿ ನೋಡೋಣ," ಎಂದಳು ಗಾಯಕಿ.

ಡಬ್ಬ ಹೋದ. ಸದ್ದು ಹೋಗಲಿಲ್ಲ. ಗಾಯಕಿ ಹೋದಳು. ಊಹೂಂ. ಅವನು ಬಾಗಿಲು ದಾಟಿದ್ದೇ ತಡ, ಎಂಜಿನಿಯರ್ ಹೆಬ್ಬೆರಳೆತ್ತಿದ.

ಮೂವರೂ ಒಳಗೆ ಬಂದರು. ಹೆಬ್ಬೆರಳು ಇಳಿಯಿತು. ಅವನು ಹಲ್ಲು ಕಚ್ಚಿ, ಉಸಿರು ಬಿಗಿಹಿಡಿದು ನಿಂತ. ಹೆಬ್ಬೆರಳು ಏಳಲಿಲ್ಲ.

"ನಾನೇನೂ ಮಾಡ್ತಿಲ್ಲ ಕಣೇ," ಎಂದ ಗಾಯಕಿಗೆ.

"ಗೊತ್ತು ಕಣೋ." ಅವಳು ಮೈಕನ್ನೇ ನೋಡುತ್ತಿದ್ದಳು. "ಇದೊಂದು ಟೇಕ್ ಆಗ್ಲಿ. ಆಮೇಲೆ ನಿನ್ನ ಬಾಸ್ ಹಾಕೋಣ."

"ಯಾವಾಗ?"

"ಹಾಕೋಣ."

ಡಬ್ಬ ಡ್ರಮ್ಮಿನ ತಿರುಪು ಬಿಗಿ ಮಾಡತೊಡಗಿದ. ಅದು ಆಗಲೇ ಬಿಗಿಯಾಗಿತ್ತು.

ಬಾಸ್‌ನವನು ಕಾರಿಡಾರಿಗೆ ಬಂದ. ಹಿಂದೆ ಬಾಗಿಲ ಮೇಲೆ ರೆಕಾರ್ಡಿಂಗ್‌ನ ಕೆಂಪು ದೀಪ ಹೊತ್ತಿಕೊಂಡಿತು. ಹೆಂಡತಿಗೆ ಫೋನ್ ಮಾಡಿದ, ರಾಜೀನಾಮೆಯ ವಿಷಯ ಹೇಳಿಬಿಡೋಣವೆಂದು.

"ಮುಗೀತೇನ್ರೀ?"

"ನಡೀತಿದೆ. ಒಂದು ವಿಷಯ... ನನ್ನಿಂದ ಏನಾದ್ರೂ ಸದ್ದು ಬರುತ್ತಾ?"

"ಗೊರಕೇನಾ?"

"ಅಲ್ಲ, ಎಚ್ಚರ ಇದ್ದಾಗ. ಗುಂಯ್ ಅಂತ."

"ಅಯ್ಯೋ ದೇವ್ರೇ, ಅದು ನೀವಾ! ನಾನು ಫ್ರಿಜ್ ಅಂದ್ಕೊಂಡಿದ್ದೆ. ಎರಡ್ಸಲ ರಿಪೇರಿಯವನ್ನ ಕರೆಸಿದ್ನಲ್ಲ!" ನಗು ತಡೆಯಲಾರದೆ ಹೇಳಿದಳು, "ಈಗ್ಲೂ ಬರ್ತಿದೆ ನೋಡಿ."

ಅವನೂ ನಗಲು ನೋಡಿದ. ರಾಜೀನಾಮೆ ಗಂಟಲಲ್ಲೇ ಉಳಿಯಿತು. ಫೋನ್ ಇಟ್ಟ.

ಬಾಗಿಲು ಸರಿಸಿ ಎಂಜಿನಿಯರ್ ತಲೆ ಹೊರಹಾಕಿದ. "ಬೇಜಾರು ಮಾಡ್ಕೋಬೇಡಿ ಸಾರ್. ಸ್ವಲ್ಪ ದೂರ ಹೋಗ್ತೀರಾ?"

ಮೆಟ್ಟಿಲಿಳಿದು ಬೀದಿಗೆ ಬಂದ. ಬಸ್ಸು, ಲಾರಿ, ಹಾರ್ನು, ಗೋಡೆ ಕೊರೆಯುವ ಮಷೀನು. ಬೀದಿಗೆ ಬೀದಿಯೇ ಅರಚಿಕೊಳ್ಳುತ್ತಿತ್ತು. ಅದು ಯಾರಿಗೂ ಅಡ್ಡಿಯಾಗಿರಲಿಲ್ಲ. ತಲೆಯೆತ್ತಿದರೆ, ಮೇಲೆ ಸ್ಟುಡಿಯೋ ಕಿಟಕಿಯಲ್ಲಿ ಒಂದು ಕೈ ಅವನನ್ನು ಆಚೆ ಆಚೆ ಎನ್ನುತ್ತಿತ್ತು.

ರಸ್ತೆ ದಾಟಿದ. ಗಂಟಲ ಮೇಲೆ ಅಂಗೈ ಇಟ್ಟುಕೊಂಡ. ಒಳಗೆ ಏನೋ ಸಣ್ಣಗೆ ನಡುಗುತ್ತಿತ್ತು. ಒತ್ತಿ ಹಿಡಿದ, ನಿಲ್ಲಲಿಲ್ಲ.

ಕಿಟಕಿಯ ಕೈಯೂ ನಿಂತಿರಲಿಲ್ಲ. ಅವನು ಗಂಟಲು ಹಿಡಿದುಕೊಂಡೇ ಹಿಂದೆ ಹಿಂದೆ ಸರಿಯುತ್ತ, ಇನ್ನೊಂದು ಕೈಯೆತ್ತಿ ಸಾಕಾ ಎಂದು ಕೇಳಿದ. ಪಕ್ಕದಲ್ಲಿ ಹೋಗುತ್ತಿದ್ದವನೊಬ್ಬ ಮೇಲೆ ಕೆಳಗೆ ನೋಡಿ, ಯಾರೋ ಯಾರನ್ನೋ ಕೈಬೀಸಿ ಕಳಿಸಿಕೊಡುತ್ತಿದ್ದಾರೆಂದುಕೊಂಡು ದಾರಿ ಬಿಟ್ಟು ನಿಂತ.