ಒಂದು ಲೀಟರ್ ನೀರು

"ಮತ್ತೆ ಎದ್ಯಾ, ಮುಂಡೇದೇ? ನಿನ್ನ ಉಚ್ಚೆಗೆ ಅಂತ ಇನ್ನೊಂದು ಶಿಫ್ಟ್ ಹಾಕಿಸ್ಲಾ?"

ಸೂಪರ್‌ವೈಸರ್ ಕೂಗಿಗೆ ಕಾಲರ್ ಹೊಲಿಯುವವಳು ಮತ್ತೆ ಕುಳಿತುಕೊಂಡಳು. ಗಾರ್ಮೆಂಟ್ಸ್ ಫ್ಯಾಕ್ಟರಿಯ ಆ ಸಾಲಿನ ನಲವತ್ತು ಹೆಂಗಸರಿಗೆ ಶೌಚಾಲಯದ ಟೋಕನ್ ಒಂದೇ. ಅದು ಅವನ ಮೇಜಿನ ಮೇಲಿರುತ್ತದೆ. ಒಬ್ಬರಿಗೆ ದಿನಕ್ಕೆ ಎರಡು ಸಲ. ಹಾಗಾಗಿ ಗೇಟು ದಾಟಿ ಒಳಗೆ ಬಂದ ಮೇಲೆ ಯಾರೂ ನೀರು ಮುಟ್ಟುವುದಿಲ್ಲ.

ಅವಳಿಗೆ ತಿಂಗಳಲ್ಲಿ ಹನ್ನೆರಡು ದಿನ ರಕ್ತ ಹೋಗುತ್ತಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು, ಹಿಮೋಗ್ಲೋಬಿನ್ ಆರೂವರೆ. ಹೊಟ್ಟೆ ಒತ್ತಿ ನೋಡಿದರು.

"ಗಟ್ಟಿಯಾಗಿದೆಯಮ್ಮ. ಗರ್ಭಕೋಶದಲ್ಲಿ ಗಡ್ಡೆ ಇರಬಹುದು. ಅದು ಮೂತ್ರಚೀಲ ಒತ್ತೋದಕ್ಕೇ ನಿಂಗೆ ಪದೇ ಪದೇ ಹೋಗ್ಬೇಕು ಅನ್ಸೋದು. ಎಷ್ಟಿವೆ, ಎಲ್ಲಿವೆ ಅಂತ ಸ್ಕ್ಯಾನ್ ಮಾಡಿದ್ರೇ ಗೊತ್ತಾಗೋದು."

ಸ್ಕ್ಯಾನಿಂಗ್ ಬುಧವಾರ ಮಾತ್ರ, ಮಧ್ಯಾಹ್ನ ಒಂದರವರೆಗೆ. ಮೊದಲ ಬುಧವಾರ ಸ್ಕ್ಯಾನ್ ಮಾಡುವವನು ಅವಳ ಹೊಟ್ಟೆಗೆ ತಣ್ಣನೆಯ ಜೆಲ್ಲು ಸವರಿ, ಪರದೆ ನೋಡಿ ಗೊಣಗಿದ.

"ಮೂತ್ರಚೀಲ ಖಾಲಿ. ಏನೂ ಸರಿಯಾಗಿ ಕಾಣ್ತಿಲ್ಲ. ಮುಂದಿನ ವಾರ ಒಂದು ಲೀಟರ್ ನೀರು ಕುಡಿದು, ಹಿಡ್ಕೊಂಡು ಬಾ. ನೀರು ಕುಡಿಯೋದೂ ಕಲಿಸ್ಬೇಕಾ ನಿಮ್ಗೆ?"

ಈ ಬುಧವಾರ ಹನ್ನೊಂದು ಗಂಟೆಗೆ ಅವಳು ಹೊಲಿಗೆ ಯಂತ್ರದ ಮುಂದೆಯೇ ಬಾಟಲಿ ಎತ್ತಿದಳು.

"ತಲೆ ಕೆಟ್ಟಿದ್ಯಾ ಅಕ್ಕ?" ಎಂದಳು ಪಕ್ಕದವಳು. "ಆ ನನ್ಮಗ ಟೋಕನ್ ಕೊಡಲ್ಲ."

"ಟೋಕನ್ ಯಾವಳಿಗೆ ಬೇಕೇ? ಆಸ್ಪತ್ರೆಗೆ ಹೋಗೋಕೆ ಗೇಟ್‌ಪಾಸ್ ಕೊಟ್ರೆ ಸಾಕು."

ಪಾಸ್ ಕೇಳಿದರೆ ಸೂಪರ್‌ವೈಸರ್, "ಆ ಬಂಡಲ್ ಮುಗಿಸು" ಎಂದ. ಮುಗಿಸಿದಳು. ಇನ್ನೊಂದು ಬಂತು. ಹನ್ನೆರಡೂವರೆಗೆ ತೊಡೆ ಅದುಮಿಕೊಂಡು, ನಡು ಬಗ್ಗಿಸಿ ಅವನ ಮೇಜಿನ ಹತ್ತಿರ ಬಂದಳು.

"ಸಾರ್, ಇನ್ನು ಹಿಡ್ಕೊಳ್ಳಕ್ಕಾಗಲ್ಲ. ಸ್ಕ್ಯಾನಿಂಗ್ ಮುಚ್ಚುತ್ತೆ."

ಅವನು ನಗುತ್ತಾ ಟೋಕನ್ನನ್ನು ಮೇಜಿನ ಅಂಚಿಗೆ ತಳ್ಳಿದ.

"ಅಷ್ಟೇ ತಾನೆ? ಉಯ್ಕೊಂಡು ಬಾ ಹೋಗು. ಇವತ್ತು ಬೇಕಾದ್ರೆ ಮೂರನೇ ಸಲಾನೂ ಕೊಡ್ತೀನಿ. ಪಾಸ್ ಮಾತ್ರ ಕೇಳ್ಬೇಡ. ಮಾಲು ಇವತ್ತೇ ಹೋಗ್ಬೇಕು."

ಅವಳು ಗೋಡೆಯ ಗಡಿಯಾರ ನೋಡಿದಳು. ಹನ್ನೆರಡು ಮೂವತ್ತೈದು. ಆಸ್ಪತ್ರೆಗೆ ಬಸ್ಸಿನಲ್ಲಿ ಅರ್ಧ ಗಂಟೆ. ಇನ್ನೇನಿದ್ದರೂ ಮುಂದಿನ ಬುಧವಾರ.

ನಿಂತಲ್ಲೇ ಬಿಟ್ಟಳು.

ಕಾಲಗುಂಟ ಇಳಿದದ್ದು ರಕ್ತದ ಎಳೆಗಳೊಂದಿಗೆ ಮೇಜಿನ ಕೆಳಗೆ ಹರಿಯಿತು. ಅವನು ಬೂಟುಗಾಲುಗಳನ್ನು ಕುರ್ಚಿಯ ಮೇಲೆಳೆದುಕೊಳ್ಳುವ ಗಡಿಬಿಡಿಯಲ್ಲಿ ಟೋಕನ್ ಕೆಳಗೆ ಬಿತ್ತು.

"ಡಾಕ್ಟ್ರು ನೋಡ್ಲಿ ಅಂತ ಹಿಡ್ಕೊಂಡಿದ್ದೆ ಸಾರ್," ಎಂದಳು. "ನೀವೇ ನೋಡಿ."

ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಒದ್ದೆಯಲ್ಲಿ ಬಿದ್ದಿದ್ದ ಟೋಕನ್ ಎತ್ತಲು ಯಾರೂ ಬಗ್ಗಲಿಲ್ಲ.